ಮಾಲ್ಗುಡಿಯ ಮಳೆ ಅಳಿಸೀತು, ಜೋಕೆ!

ಆಗುಂಬೆ ಎಂದರೆ ಹೆಚ್ಚಿನವರಿಗೆ ಸೂರ್ಯಾಸ್ತ. ಘಾಟಿಯ ನೆತ್ತಿಯಲ್ಲಿ ನಿಂತು, ಮೋಡ ಕೃಪೆ ತೋರಿದರೆ ಪಡುವಣ ಕಡಲಿಗಿಳಿಯುವ ಸೂರ್ಯನನ್ನು ನೋಡಿ, ಹದಿನಾಲ್ಕು ತಿರುವುಗಳನ್ನು ಇಳಿದುಬಿಟ್ಟರೆ ಅವರ ಪ್ರವಾಸ ಮುಗಿಯಿತು. ಕೆಲವರು ಕಾಳಿಂಗ ಸರ್ಪದ ಕಾಡು ಎಂದು ಬರುತ್ತಾರೆ. ಇನ್ನು ಕೆಲವರು ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯಲ್ಲಿ ತೊಯ್ಯಲೆಂದೇ ಬರುತ್ತಾರೆ. ಇವರಾರ ಗುಂಪಿಗೂ ಸೇರದ ಪ್ರವಾಸಿಗರೂ ಉಂಟು. ಅವರು ಬಸ್ಸಿಳಿದವರೇ ಕೇಳುವುದು ಒಂದೇ ಪ್ರಶ್ನೆ: 'ಸ್ವಾಮಿಯ ಮನೆ ಎಲ್ಲಿ?'

ಸ್ವಾಮಿಯ ಮನೆ ಇರುವುದು ಮಾಲ್ಗುಡಿಯಲ್ಲಿ, ಮಾಲ್ಗುಡಿ ಇರುವುದು ಆರ್.ಕೆ. ನಾರಾಯಣ್ ಅವರ ಪುಸ್ತಕಗಳಲ್ಲಿ. 1935ರಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಯೊಡನೆ ಹುಟ್ಟಿದ ಈ ಊರು ಯಾವ ಭೂಪಟದಲ್ಲೂ ಇಲ್ಲ. ಅದಕ್ಕೆ ಬೀದಿ, ಜಗಲಿ, ಹೆಂಚಿನ ಮಾಡು ಕೊಟ್ಟವರು ಶಂಕರನಾಗ್. 1980ರ ದಶಕದ ನಡುವಿನಲ್ಲಿ ಅವರು ತಮ್ಮ ತಂಡವನ್ನು ಆಗುಂಬೆಗೆ ಕರೆತಂದು 'ಮಾಲ್ಗುಡಿ ಡೇಸ್' ಧಾರಾವಾಹಿ ಚಿತ್ರಿಸಿದರು. ಮಾಸ್ಟರ್ ಮಂಜುನಾಥ್ ಸ್ವಾಮಿಯಾದ. ಗಿರೀಶ ಕಾರ್ನಾಡ್ ಅಪ್ಪ, ವೈಶಾಲಿ ಕಾಸರವಳ್ಳಿ ಅಮ್ಮ. ಎಲ್. ವೈದ್ಯನಾಥನ್ ಅವರ ಸಂಗೀತ ಕೇಳಿದೊಡನೆ ಇಡೀ ದೇಶ ದೂರದರ್ಶನದ ಮುಂದೆ ಕೂರುತ್ತಿತ್ತು. ಅಕ್ಕಪಕ್ಕದ ಮನೆಯ ಮಕ್ಕಳೂ ಚಾಪೆ ಹಿಡಿದು ಬಂದು ಸೇರುತ್ತಿದ್ದ ಕಾಲ ಅದು.

ಸ್ವಾಮಿಯ ಮನೆಯಾದದ್ದು ಇಲ್ಲಿನ ದೊಡ್ಡಮನೆ. ಶತಮಾನ ದಾಟಿದ ತೊಟ್ಟಿಮನೆ; ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಮರದ ಕಂಬಗಳು. ನಾವು ಹೋದದ್ದು ಆಷಾಢದಲ್ಲಿ. ಮಾಡಿನಿಂದ ಇಳಿದ ನೀರು ಅಂಗಳದ ಕಲ್ಲಿನ ಮೇಲೆ ಒಂದೇ ಸಮನೆ ಬಡಿಯುತ್ತಿತ್ತು. ಎಷ್ಟೋ ಕೈ ಸವರಿ ನುಣುಪಾದ ಕಂಬವನ್ನು ಮುಟ್ಟಿ ನೋಡಿದೆ. ಮಬ್ಬು ಬೆಳಕಿನಲ್ಲಿ ಕಣ್ಣಿಗೆ ಕಾಣದ ಉಬ್ಬುತಗ್ಗು ಬೆರಳಿಗೆ ಸಿಕ್ಕಿತು.

ಜೊತೆಗಿದ್ದ ಹುಡುಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವವನು. ಹಳೆಯ ಧಾರಾವಾಹಿಗಳನ್ನು ಕೃತಕ ಬುದ್ಧಿಮತ್ತೆಯಿಂದ ಹಿಗ್ಗಿಸಿ, ತೊಳೆದು, ಹೊಸದರಂತೆ ಮಾಡುವುದು ಅವನ ಹುಚ್ಚು. 'ಈಗಿನ ದೊಡ್ಡ ಟೀವಿಯಲ್ಲಿ ಹಳೇದು ನೋಡೋಕೆ ಆಗಲ್ಲ ಸಾರ್, ಎಲ್ಲಾ ಮಸುಕು' ಎನ್ನುವುದು ಅವನ ದೂರು. ದೂರಿನಲ್ಲಿ ಸುಳ್ಳಿಲ್ಲ. ಆಗ ನಮ್ಮ ಮನೆಗಳಿಗೆ ಬರುತ್ತಿದ್ದುದು 625 ಗೆರೆಗಳ ಚಿತ್ರ. ಕಣ್ಣಿಗೆ ಕಾಣುವ ಗೆರೆಗಳು 576. ಅದನ್ನು ಕಂಪ್ಯೂಟರಿಗೆ ಇಳಿಸಿದರೆ ಸುಮಾರು 4 ಲಕ್ಷ 15 ಸಾವಿರ ಚುಕ್ಕಿಗಳು. ಇಂದಿನ 4ಕೆ ಪರದೆಯಲ್ಲಿ ಹಳೆಯ ಚೌಕಟ್ಟನ್ನೇ ಉಳಿಸಿಕೊಂಡು ತೋರಿಸಲು ಬೇಕಾದ ಚುಕ್ಕಿಗಳು 62 ಲಕ್ಷಕ್ಕೂ ಹೆಚ್ಚು, ಎಂದರೆ 15 ಪಟ್ಟು. ಕಪ್ಪು ಅಂಚು ಬೇಡ, ಪರದೆ ತುಂಬಲಿ ಎಂದು ಹಿಗ್ಗಿಸಿದರೆ ಮೇಲೆ ಕೆಳಗೆ ಸೇರಿ ಚಿತ್ರದ ಕಾಲು ಭಾಗ ಕತ್ತರಿಗೆ ಬಲಿ.

ಉಳಿದ 14 ಪಾಲು ಚುಕ್ಕಿ ಎಲ್ಲಿಂದ ಬರಬೇಕು? ಅಲ್ಲೇ ಇರುವುದು ಯಂತ್ರದ ಚಮತ್ಕಾರ. ಸ್ಪಷ್ಟವಾದ ಚಿತ್ರವನ್ನೂ ಅದನ್ನೇ ಕುಗ್ಗಿಸಿ ಕೆಡಿಸಿದ ಪ್ರತಿಯನ್ನೂ ಜೋಡಿಯಾಗಿ ತೋರಿಸಿ, ಹೀಗೆ ಲೆಕ್ಕವಿಲ್ಲದಷ್ಟು ಜೋಡಿಗಳಿಂದ ಅದಕ್ಕೆ ಪಾಠ ಹೇಳಿರುತ್ತಾರೆ. ಆಮೇಲೆ ಯಾವ ಮಸುಕು ಚಿತ್ರ ಕೊಟ್ಟರೂ 'ಇದು ಮೊದಲು ಹೀಗಿದ್ದಿರಬೇಕು' ಎಂದು ಊಹಿಸಿ ತುಂಬಿಸುತ್ತದೆ. ಹಿಂದುಮುಂದಿನ ಚೌಕಟ್ಟುಗಳಲ್ಲಿ ನಿಜವಾದ ವಿವರ ಅಡಗಿದ್ದರೆ ಅದನ್ನೂ ಹೆಕ್ಕಿ ತರಬಲ್ಲದು. ಹೆಕ್ಕಿ ತಂದದ್ದು ಸಂಪಾದನೆ, ಊಹಿಸಿ ತುಂಬಿದ್ದು ಸಾಲ. ತೆರೆಯ ಮೇಲೆ ಮಾತ್ರ ಎರಡಕ್ಕೂ ಒಂದೇ ಮುಖ.

ಚಹಾ ಅಂಗಡಿಯ ಪರೀಕ್ಷೆ

ಇದನ್ನು ಪರೀಕ್ಷಿಸಲು ಆಗುಂಬೆಗಿಂತ ಒಳ್ಳೆಯ ಜಾಗ ಬೇಕೆ? ಹುಡುಗ ಪೇಟೆಯ ಚಹಾ ಅಂಗಡಿಯಲ್ಲಿ ಕುಳಿತು ಎದುರಿನ ಬೀದಿಯನ್ನು ಅರ್ಧ ನಿಮಿಷ ಫೋನಿನಲ್ಲಿ ಸೆರೆಹಿಡಿದ. ಅದನ್ನು ಹಳೆಯ ದೂರದರ್ಶನದ ಅಳತೆಗೆ ಕುಗ್ಗಿಸಿ, ಹಳೆಯ ಟೇಪಿನಲ್ಲಿ ಕಾಣುವಂಥ ಕಾಳುಕಾಳು ಗದ್ದಲವನ್ನೂ ಬೆರೆಸಿದ. ಆಮೇಲೆ ತನ್ನ ಯಂತ್ರಕ್ಕೆ ಕೊಟ್ಟು ತೊಳೆಸಿ, ಹಿಗ್ಗಿಸಿದ. ನಾವು ಎರಡನೇ ಲೋಟ ಚಹಾ ಮುಗಿಸಿ, ಮೂರನೆಯದಕ್ಕೆ ಹೇಳುವ ಹೊತ್ತಿಗೆ ಚಿತ್ರ ಸಿದ್ಧವಾಯಿತು.

ಮೊದಲ ನೋಟಕ್ಕೆ ಭಲೆ ಎನ್ನಬೇಕು. ಬೀದಿ ಕನ್ನಡಿಯಂತೆ ಹೊಳೆಯುತ್ತಿತ್ತು. ತಲೆಯೆತ್ತಿ ಎದುರಿನ ಬೀದಿಯೊಡನೆ ಹೋಲಿಸಿದಾಗಲೇ ಗುಟ್ಟು ರಟ್ಟಾದದ್ದು. ಹೆಂಚಿನ ಮೇಲಿನ ಪಾಚಿ ಹಸಿರು ಬಣ್ಣ ಬಳಿದಂತಾಗಿತ್ತು. ದೂರದ ಅಂಗಡಿಯ ಫಲಕದಲ್ಲಿ ಯಾವ ಲಿಪಿಗೂ ಸೇರದ ಅಕ್ಷರಗಳು ಮೂಡಿದ್ದವು. ಕೊಡೆ ಹಿಡಿದು ಹೋಗುತ್ತಿದ್ದ ಹೆಂಗಸಿನ ಮುಖ ಬೊಂಬೆಯ ಮುಖವಾಗಿತ್ತು. ಪಕ್ಕದ ಬೆಂಚಿನಲ್ಲಿದ್ದ ಹಿರಿಯರೊಬ್ಬರು ಬಗ್ಗಿ ನೋಡಿ, 'ಚಂದ ಕಾಣ್ತದೆ. ಆದ್ರೆ ಮಳೆ ಎಲ್ಲಿಗೆ ಹೋಯ್ತು ಮಾರಾಯಾ?' ಎಂದರು.

ಮಳೆ ಹೋಗಿತ್ತು. ಕೊಡೆಗಳಿದ್ದವು, ಒದ್ದೆ ರಸ್ತೆಯಿತ್ತು, ನಡುವಿನ ಎಳೆಎಳೆ ಮಳೆ ಮಾತ್ರ ಮುಕ್ಕಾಲು ಪಾಲು ಮಾಯ. ಇದಕ್ಕೆ ಕಾರಣ ಸರಳ. ಒಂದು ಚೌಕಟ್ಟಿನಲ್ಲಿ ಕಂಡು ಮರುಚೌಕಟ್ಟಿನಲ್ಲಿ ಇಲ್ಲವಾಗುವ ಚುಕ್ಕಿ, ಗೀರುಗಳನ್ನು ಕೊಳೆ ಎಂದು ಗುರುತಿಸಿ ಅಳಿಸುವುದು ಇಂಥ ತೊಳೆಯುವ ಯಂತ್ರಗಳ ಕ್ರಮ. ಮಳೆಹನಿಯೂ ಹಾಗೆಯೇ ಕ್ಷಣದಲ್ಲಿ ಕಂಡು ಮರೆಯಾಗುತ್ತದೆ. ಸಿನಿಮಾ ಸುರುಳಿಯ ದೂಳು ತೆಗೆಯುವ ಹಿಂದಿನ ಯಂತ್ರಗಳಿಗೂ ಇದೇ ಕಾಟವಿತ್ತು. ಬೇರೆ ಊರಿನ ಧಾರಾವಾಹಿಯಾದರೆ ಹೋಗಲಿ ಎನ್ನಬಹುದು. ಆಗುಂಬೆಯಿಂದ ಮಳೆ ತೆಗೆದರೆ ಉಳಿಯುವುದೇನು?

ಹೊರದೇಶಗಳಲ್ಲಿ ಈ ಜಗಳ ಆಗಲೇ ಆಗಿದೆ. ಅಮೆರಿಕದ 'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್' ಧಾರಾವಾಹಿಯನ್ನು ಚಿತ್ರಿಸಿದ್ದು 35 ಮಿ.ಮೀ. ಫಿಲ್ಮಿನಲ್ಲಿ. 2012ರಿಂದ ಬ್ಲೂ-ರೇ ತಟ್ಟೆಗಳಿಗಾಗಿ ಮೂಲ ನೆಗೆಟಿವ್‌ಗಳನ್ನೇ ಹುಡುಕಿ ತೆಗೆದು, ಹೊಸದಾಗಿ ಸ್ಕ್ಯಾನ್ ಮಾಡಿ, ಮತ್ತೆ ಸಂಕಲಿಸಿದರು. ಖರ್ಚು ವಿಪರೀತ, ಆದರೆ ಕಂಡ ವಿವರವೆಲ್ಲ ಅಂದು ಕ್ಯಾಮೆರಾ ಕಂಡದ್ದೇ. ಇನ್ನೊಂದು ದಾರಿ ಅಗ್ಗದ್ದು. 2025ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ಎ ಡಿಫರೆಂಟ್ ವರ್ಲ್ಡ್' ಎಂಬ ಹಳೆಯ ಹಾಸ್ಯ ಧಾರಾವಾಹಿಯ ಪ್ರತಿಯಲ್ಲಿ ಮುಖಗಳು ಸೊಟ್ಟಗಾಗಿ, ಗೋಡೆಯ ಬರಹ ಕಲಸಿಹೋಗಿದ್ದನ್ನು ಕಂಡ ಪ್ರೇಕ್ಷಕರು ಇದು ಎಐ ಕೈಚಳಕವೆಂದು ಗೇಲಿ ಮಾಡಿದರು.

ಅರಸಾಳಿನ ಪಾಠ

ಮಾಲ್ಗುಡಿಯ ಇನ್ನೊಂದು ತುಂಡು ನೋಡಬೇಕಾದರೆ ಆಗುಂಬೆ ಬಿಟ್ಟು ತೀರ್ಥಹಳ್ಳಿ, ರಿಪ್ಪನ್‌ಪೇಟೆಯ ಮೇಲೆ ಅರಸಾಳಿಗೆ ಹೋಗಬೇಕು. ಆಗುಂಬೆಗೆ ರೈಲಿಲ್ಲ. ಹಾಗಾಗಿ ಮಾಲ್ಗುಡಿಯ ರೈಲುನಿಲ್ದಾಣವಾದದ್ದು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಈ ಪುಟ್ಟ ನಿಲ್ದಾಣ. ಆಗ ಇಲ್ಲಿ ಮೀಟರ್‌ಗೇಜ್ ಹಳಿ, ಈಗ ಬ್ರಾಡ್‌ಗೇಜ್. ಪಾಳುಬಿದ್ದಿದ್ದ ಹಳೆಯ ನಿಲ್ದಾಣದ ಕಟ್ಟಡವನ್ನು ರೈಲ್ವೆಯವರು ದುರಸ್ತಿ ಮಾಡಿಸಿ 2020ರಲ್ಲಿ 'ಮಾಲ್ಗುಡಿ ಮ್ಯೂಸಿಯಂ' ಆಗಿ ತೆರೆದರು.

ಆ ದುರಸ್ತಿಯ ಹೊಣೆ ಹೊತ್ತವರು ಜಾನ್ ದೇವರಾಜ್. ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದವರೂ ಅವರೇ. ಇಲ್ಲಿ ಗೋಡೆಗೆ ಹೊಸ ಗಾರೆ ಬಿದ್ದಿದೆ, ಬಣ್ಣ ಹೊಸದು, ಬೊಂಬೆಗಳೂ ಹೊಸವು. ಇದು ಹಳೆಯದೇ ಎಂದು ಯಾರೂ ಆಣೆ ಹಾಕುವುದಿಲ್ಲ. ಆದರೆ ಇದನ್ನು ಮತ್ತೆ ಕಟ್ಟಿದ ಕೈಗೆ ಮೊದಲಿನದರ ನೆನಪಿತ್ತು. ಹುಡುಗನ ಯಂತ್ರ ಲಕ್ಷಾಂತರ ಚಿತ್ರ ನೋಡಿರಬಹುದು, ಅರಸಾಳು ನೋಡಿಲ್ಲ.

ನೆನಪಿರುವವರು ಎಷ್ಟು ದಿನ ಸಿಗುತ್ತಾರೆ? ಶಂಕರನಾಗ್ 1990ರ ಸೆಪ್ಟೆಂಬರ್ 30ರಂದು ಅಪಘಾತದಲ್ಲಿ ಹೋದರು. ನಾರಾಯಣ್ 2001ರಲ್ಲಿ, ಕಾರ್ನಾಡರು 2019ರಲ್ಲಿ ತೀರಿಕೊಂಡರು. ಅಂದಿನ ಚಿತ್ರೀಕರಣ ಕಂಡ ಹಿರಿಯರು ಆಗುಂಬೆಯಲ್ಲಿ ಇನ್ನೂ ಇದ್ದಾರೆ. ಹಳೆಯ ಧಾರಾವಾಹಿಯನ್ನು ಮನೆಮನೆಗೆ ಹೊಸದಾಗಿ ಮುಟ್ಟಿಸುವ ಆಸೆಯುಳ್ಳವರು ಮೊದಲು ಮಾಡಬೇಕಾದ್ದು ಇವರನ್ನು ಕೂರಿಸಿ ಕೇಳುವುದು. ಫಿಲ್ಮ್ ಉಳಿದಿದ್ದರೆ ಅದನ್ನೇ ಸ್ಕ್ಯಾನ್ ಮಾಡಬೇಕು. ಟೇಪು ಮಾತ್ರ ಇದ್ದರೆ ಅದನ್ನು ಇದ್ದಂತೆಯೇ ಒಂದು ಪ್ರತಿ ಇಳಿಸಿ ಜೋಪಾನ ಮಾಡಬೇಕು. ಹಿಗ್ಗಿಸಿದ ಪ್ರತಿ ಬೇರೆ ಇರಲಿ, ಹೊದಿಕೆಯ ಮೇಲೆ ಹಾಗೆಂದು ಬರೆದಿರಲಿ. ಯಂತ್ರ ಬೇಡವೆಂದಲ್ಲ. ಅದು ತೊಳೆದದ್ದನ್ನು ಈ ಬೀದಿ ಬಲ್ಲವರೊಬ್ಬರು ಕೂತು ನೋಡಿ 'ಮಳೆ ಎಲ್ಲಿ?' ಎಂದು ಕೇಳುವಂತಿರಬೇಕು.

ನಾರಾಯಣರ 'ಲಾಲಿ ರೋಡ್' ಕಥೆಯಲ್ಲಿ ಮಾಲ್ಗುಡಿಯ ಪುರಸಭೆ ದೊರೆಯೊಬ್ಬನ ಪ್ರತಿಮೆಯನ್ನು ಕ್ರೂರಿಯದೆಂದು ಬಗೆದು ಕಿತ್ತುಹಾಕುತ್ತದೆ. ಆಮೇಲೆ ತಿಳಿಯುತ್ತದೆ: ಆ ಕ್ರೂರಿ ಬೇರೆ, ಪ್ರತಿಮೆಯ ಲಾಲಿ ಬೇರೆ, ಈತ ಊರಿಗೆ ಉಪಕಾರ ಮಾಡಿದವನು. ಕೊಳೆ ಎಂದು ಮಳೆಯನ್ನು ಒರೆಸುವವರು ಈ ಕಥೆಯನ್ನೊಮ್ಮೆ ಓದಬೇಕು.

ಶಿವಮೊಗ್ಗದಿಂದ ತೀರ್ಥಹಳ್ಳಿಯ ಮೇಲೆ ಆಗುಂಬೆಗೆ ಸುಮಾರು 90 ಕಿಲೋಮೀಟರ್, ಬಸ್ಸುಗಳಿವೆ. ಉಡುಪಿ ಕಡೆಯಿಂದ ಬರುವವರು ಸೋಮೇಶ್ವರದಿಂದ ಘಾಟಿ ಹತ್ತಬೇಕು. ದೊಡ್ಡಮನೆ ಜನ ಬಾಳುವ ಮನೆ, ಕೇಳಿಯೇ ಒಳಗೆ ಹೋಗಬೇಕು. ಸೂರ್ಯಾಸ್ತ ಬೇಕೆನ್ನುವವರು ಚಳಿಗಾಲದಲ್ಲಿ ಬರಲಿ. ಮಾಲ್ಗುಡಿ ಬೇಕೆನ್ನುವವರು ಆಷಾಢದಲ್ಲೇ ಬರಲಿ. ಕೊಡೆ ತರಲು ಮರೆಯಬೇಡಿ.