ನಾಳೆ ಬರ್ತೀನಿ

ಹಂಪಿಯಲ್ಲಿ ಗೈಡ್ ಆಗಬೇಕೆಂದು ಓಡಾಡುತ್ತಿದ್ದ ಹುಡುಗನೊಬ್ಬ ನನ್ನ ಸಂಜೆಯ ಇಂಗ್ಲಿಷ್ ತರಗತಿಗೆ ಬರುತ್ತಿದ್ದ. ಒಂದು ದಿನ ಮುಖ ಸಣ್ಣದು ಮಾಡಿಕೊಂಡು ಬಂದು ಕೂತ. ಹಿಂದಿನ ದಿನ ಇಬ್ಬರು ವಿದೇಶಿ ಪ್ರವಾಸಿಗರಿಗೆ ವಿಠ್ಠಲ ದೇವಸ್ಥಾನದ ಕಲ್ಲಿನ ರಥ ತೋರಿಸಿದ್ದಾನೆ. ಹೊರಡುವಾಗ ಮರ್ಯಾದೆಯಿಂದ ಕೈಮುಗಿದು "ಐ ಆಮ್ ಕಮಿಂಗ್" ಎಂದು ಹೇಳಿ, ಸೈಕಲ್ ಹತ್ತಿ ಹೊಸಪೇಟೆಗೆ ಬಂದುಬಿಟ್ಟಿದ್ದಾನೆ. ಪಾಪ, ಅವರು ಇವನು ಈಗ ಬರುತ್ತಾನೆ, ಆಗ ಬರುತ್ತಾನೆ ಎಂದು ಬಿಸಿಲಲ್ಲಿ ಮುಕ್ಕಾಲು ಗಂಟೆ ಕಾದಿದ್ದಾರೆ. ಮಾರನೆಯ ದಿನ ಎದುರು ಸಿಕ್ಕಾಗ ಸರಿಯಾಗಿ ಬೈದರಂತೆ.

"ನಾನೇನ್ ತಪ್ಪು ಅಂದೆ ಮೇಡಂ? ಬರ್ತೀನಿ ಅಂತ ಹೇಳೇ ಬಂದಿದ್ದೆ."

ತರಗತಿ ನಕ್ಕಿತು. ನನಗೂ ನಗು ಬಂತು. ಆದರೆ ಅವನಿಗೆ ಏನು ತಪ್ಪೆಂದು ತಿಳಿಸಿಕೊಡಲು ನನಗೆ ಅರ್ಧ ಗಂಟೆ ಹಿಡಿಯಿತು. ನಮ್ಮ ಕಡೆ ಹೊರಡುವವರು ‘ಹೋಗ್ತೀನಿ’ ಎನ್ನುವುದಿಲ್ಲ, ‘ಬರ್ತೀನಿ’ ಎನ್ನುತ್ತಾರೆ. ಸಾವಿನ ಮನೆಯಿಂದ ಏಳುವಾಗ ಮಾತ್ರ ಆ ಮಾತು ಆಡಬಾರದು. ನಮ್ಮ ಮನೆಯ ದಖನಿಯಲ್ಲೂ ಹಾಗೆಯೇ, ‘ಆತೌಂ’ ಎಂದರೆ ಹೊರಟೆ ಎಂದು ಅರ್ಥ. ಈಗ ಬರುತ್ತಿದ್ದೇನೆ, ನಾಳೆ ಬರುತ್ತೇನೆ, ಬದುಕಿದ್ದರೆ ಎಂದಾದರೂ ಬಂದೇನು, ಎಲ್ಲವೂ ಅದರೊಳಗೇ ಇದೆ. ಕೇಳುವವರು ತಮಗೆ ಬೇಕಾದ ಕಾಲವನ್ನು ಅದರಿಂದ ಆರಿಸಿಕೊಳ್ಳಬೇಕು.

2009ರಿಂದ ಹೊಸಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಈ ತರಗತಿ ನಡೆಸುತ್ತಿದ್ದೇನೆ. ಕಥೆಗಳಿಗೆ ಸಂಭಾವನೆ ಬರುವುದು ಅಪರೂಪ, ಇಂಗ್ಲಿಷಿನಿಂದ ಅಕ್ಕಿ ಎಣ್ಣೆಗೆ ಆಗುತ್ತದೆ. ಗೈಡ್ ಹುಡುಗರು, ಲಾಡ್ಜಿನ ಹುಡುಗರು, ಸಂಡೂರಿನಿಂದ ಬರುವವರು, ಕಂಪ್ಲಿಯಿಂದ ಬಸ್ಸಿನಲ್ಲಿ ಬರುವ ಕಾಲೇಜು ಹುಡುಗಿಯರು. ಎಲ್ಲರೂ ಭೂತಕಾಲವನ್ನು ಹೇಗೋ ದಾಟುತ್ತಾರೆ. ಮುಗ್ಗರಿಸುವುದು ಭವಿಷ್ಯದಲ್ಲಿ.

ನಾನೂ ಮುಗ್ಗರಿಸಿದವಳೇ. ಕಂಪ್ಲಿಯ ಉರ್ದು ಶಾಲೆಯಲ್ಲಿ ‘ಆವುಂಗಾ, ಆಯೇಗಾ’ ಎಂದು ಕಲಿತೆ. ಅಲ್ಲಿ ಭವಿಷ್ಯತ್ ಕಾಲಕ್ಕೆ ಸ್ಪಷ್ಟವಾದ ಬಾಲವಿದೆ. ಆದರೆ ‘ಕಲ್’ ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ಹೈಸ್ಕೂಲಿಗೆ ಕನ್ನಡ ಮಾಧ್ಯಮಕ್ಕೆ ಬಂದಾಗ ಮೇಷ್ಟ್ರು ‘ಬರುವೆನು, ಬರುವನು’ ಎಂದು ಬಾಯಿಪಾಠ ಮಾಡಿಸಿದರು. ಕಂಪ್ಲಿಯ ಬೀದಿಯಲ್ಲಿ ಯಾರೊಬ್ಬರೂ ‘ನಾಳೆ ಬರುವೆನು’ ಎಂದದ್ದನ್ನು ನಾನು ಕೇಳಿಲ್ಲ. ಕೇಶಿರಾಜನಿಂದ ಹಿಡಿದು ನಮ್ಮ ಶಾಲೆಯ ಪುಸ್ತಕದವರೆಗೆ ಕನ್ನಡಕ್ಕೆ ಮೂರು ಕಾಲ. ಕನ್ನಡದ ಕ್ರಿಯಾಪದ ತೋರಿಸುವುದು ನಡೆದುಹೋದದ್ದನ್ನು ಮತ್ತು ಇನ್ನೂ ನಡೆದಿಲ್ಲದ್ದನ್ನು, ಎರಡನ್ನೇ ಎಂದು ಡಿ.ಎನ್. ಶಂಕರ ಭಟ್ಟರಂಥವರು ವಾದಿಸಿದ್ದು ನನಗೆ ಗೊತ್ತಾದದ್ದು ತಡವಾಗಿ. ಗೊತ್ತಾದಾಗ, ನಮ್ಮ ಬೀದಿಯೇ ಸರಿಯಿತ್ತಲ್ಲ ಎಂದು ಸಮಾಧಾನವಾಯಿತು.

ಇಂಗ್ಲಿಷಿನದು ಇನ್ನೊಂದು ಕಥೆ. ‘ಐ’, ‘ವೀ’ ಬಂದರೆ ‘ಶಲ್’, ಉಳಿದವರಿಗೆ ‘ವಿಲ್’. ಶಪಥ ಮಾಡುವಾಗ ಅದು ತಿರುವುಮುರುವು. ತಪ್ಪಿದರೆ ಬೆರಳ ಗಂಟಿನ ಮೇಲೆ ಸ್ಕೇಲಿನ ಏಟು. ಈ ನಿಯಮವನ್ನು ಬರೆದಿಟ್ಟವನು ಜಾನ್ ವಾಲಿಸ್ ಎಂಬ ಗಣಿತಜ್ಞ, 1653ರಲ್ಲಿ, ಅದೂ ಲ್ಯಾಟಿನ್ ಭಾಷೆಯಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ. ಮುನ್ನೂರು ವರ್ಷ ದಾಟಿ, ಸಮುದ್ರ ದಾಟಿ ಅದು ಕಂಪ್ಲಿಯ ಹುಡುಗಿಯ ಬೆರಳಿಗೆ ಬಿತ್ತು. ಈಗಿನ ಇಂಗ್ಲಿಷ್ ವ್ಯಾಕರಣಕಾರರಲ್ಲಿ ಅನೇಕರು, ಇಂಗ್ಲಿಷಿಗೆ ಭವಿಷ್ಯತ್ ಕಾಲವೆಂಬ ಪ್ರತ್ಯೇಕ ರೂಪವೇ ಇಲ್ಲ, ‘ವಿಲ್’ ಎಂಬುದು ಮೂಲತಃ ಇಚ್ಛೆಯನ್ನು ಹೇಳುವ ಪದ ಎನ್ನುತ್ತಾರೆ. ಹೌದಲ್ಲ, ಸಾಯುವ ಮುಂಚೆ ಆಸ್ತಿಗೆ ಬರೆಸುವ ವಸೀಯತ್ತಿಗೂ ಇಂಗ್ಲಿಷಿನಲ್ಲಿ ‘ವಿಲ್’ ಎಂದೇ ಹೆಸರು.

ನಾನು ಈಗ ನಿಯಮ ಹೇಳುವುದು ಕಡಿಮೆ, ಹೊಳೆ ತೋರಿಸುತ್ತೇನೆ. ಕಂಪ್ಲಿ–ಗಂಗಾವತಿ ನಡುವಿನ ಸೇತುವೆ ಎಲ್ಲರಿಗೂ ಗೊತ್ತು. ಟಿ.ಬಿ. ಡ್ಯಾಮಿನಿಂದ ನೀರು ಹೆಚ್ಚು ಬಿಟ್ಟರೆ ಅದು ಮುಳುಗುತ್ತದೆ. "ಬೇಸಿಗೆಯಲ್ಲಿ ಕೂತು, ಈ ವರ್ಷ ಸೇತುವೆ ಮುಳುಗುತ್ತದೆ ಅಂದರೆ ಅದು ನಿಮ್ಮ ಅಂದಾಜು, ‘ವಿಲ್’ ಹಾಕಿ. ಡ್ಯಾಮಿನ ಗೇಟು ಎತ್ತಿದ್ದಾರೆ, ನೀರು ಕೆಂಪಾಗಿ ಕಂಬಕ್ಕೆ ಬಡಿಯುತ್ತಿದೆ, ಆಗ ‘ಗೋಯಿಂಗ್ ಟು’ ಹಾಕಿ. ಕಣ್ಣೆದುರು ಗುರುತು ಇರಬೇಕು." ಇಷ್ಟು ಹೇಳಿದರೆ ಸಾಕು, ಅರ್ಥವಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತಲ್ಲ, ಆ ವಾರ ಪಾಠ ನಡೆಯಲಿಲ್ಲ, ಮಾತೆಲ್ಲ ನೀರಿನದೇ. ಒಬ್ಬ "ಡ್ಯಾಮ್ ಈಸ್ ಗೋಯಿಂಗ್ ಟು ಬ್ರೇಕ್" ಎಂದ. ಇದು ಭಯದ ಮಾತು, ‘ವಿಲ್’ ಸಾಕು ಎಂದೆ. "ಗೇಟೇ ಹೋಗೈತೆ ಮೇಡಂ, ಇನ್ನೆಂಥ ಗುರುತು ಬೇಕು ನಿಮಗೆ?" ಎಂದು ಎದ್ದುನಿಂತ. ನನ್ನ ಬಳಿ ಉತ್ತರವಿರಲಿಲ್ಲ. ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿ ನೀರು ತಡೆದರು. ನನ್ನ ‘ವಿಲ್’ ಹೇಗೋ ಉಳಿಯಿತು.

ಸಂಡೂರಿನ ಹುಡುಗರಿಗೆ ಹೊಳೆಯ ಉದಾಹರಣೆ ತಾಗುತ್ತಿರಲಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಒಂದಷ್ಟು ಜನ ಬಂದರು. ಟಿಪ್ಪರ್ ಓಡಿಸಿದವರು, ಕ್ಲೀನರ್ ಆಗಿದ್ದವರು. ಬೆಂಗಳೂರಿನ ಹೋಟೆಲಿಗೋ ಸೆಕ್ಯುರಿಟಿ ಕೆಲಸಕ್ಕೋ ಹೋಗಲು ನಾಲ್ಕು ಮಾತು ಇಂಗ್ಲಿಷ್ ಬೇಕಿತ್ತು. ಅದೇ ಜುಲೈನಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿದ್ದ ಮನೆ ಅಂಗಡಿಗಳನ್ನೂ ತೆರವು ಮಾಡಿಸಿದ್ದರು. ಹೀಗಾಗಿ ಆ ವರ್ಷ ನನ್ನ ಕೋಣೆಯಲ್ಲಿ ಕೆಂಪು ಧೂಳಿನವರೂ ಕಲ್ಲು ಮಂಟಪದವರೂ ಒಂದೇ ಚಾಪೆಯ ಮೇಲಿದ್ದರು. ಮುಂದಿನ ವರ್ಷ ಏನು ಮಾಡುತ್ತೀರಿ, ಐದು ವಾಕ್ಯ ಬರೆಯಿರಿ ಎಂದೆ. ಅರ್ಧ ಗಂಟೆಯಾದರೂ ಹಾಳೆಗಳು ಬಿಳಿಯಾಗಿಯೇ ಇದ್ದವು. ಒಬ್ಬ ಮೆಲ್ಲಗೆ ಕೇಳಿದ: "ಬರೆದಂಗೆ ಆಗ್ಲಿಲ್ಲ ಅಂದ್ರೆ ಸುಳ್ಳು ಬರೆದಂಗಾಗತ್ತಲ್ಲ ಮೇಡಂ?"

ಮುಸ್ಲಿಂ ಹುಡುಗರಿಗೆ ಇದಕ್ಕೊಂದು ದಾರಿ ಗೊತ್ತಿತ್ತು, ವಾಕ್ಯದ ಮುಂದೆ ‘ಇನ್ಷಾ ಅಲ್ಲಾಹ್’ ಸೇರಿಸಿದರು. ನಾಳೆ ಇದನ್ನು ಮಾಡೇ ಮಾಡುತ್ತೇನೆ ಎಂದು ಅಲ್ಲಾಹನ ಇಚ್ಛೆಯನ್ನು ನೆನೆಯದೆ ಹೇಳಬಾರದೆಂದು ಕುರ್‌ಆನಿನ ಅಲ್ ಕಹಫ್ ಅಧ್ಯಾಯದಲ್ಲಿ ಎಚ್ಚರಿಕೆಯಿದೆ. ಆ ಮೇಲಿನ ತಮಾಷೆ ಹೇಳುತ್ತೇನೆ. ಪಕ್ಕದಲ್ಲಿ ಕೂತಿದ್ದ ಸಂಡೂರಿನ ತಾಂಡಾದ ಲಂಬಾಣಿ ಹುಡುಗ ಅದನ್ನು ನೋಡಿ ತನ್ನ ಐದೂ ವಾಕ್ಯದ ಕೊನೆಗೆ ‘ಇನ್ಷಾ ಅಲ್ಲಾಹ್’ ಬರೆದಿದ್ದ. ‘ವಿಲ್’ ಬಂದಾಗ ಅದೂ ಬರಬೇಕೆಂಬುದು ಇಂಗ್ಲಿಷಿನ ನಿಯಮ ಎಂದುಕೊಂಡಿದ್ದನಂತೆ. ನಾನು ಹೊಡೆದುಹಾಕಲಿಲ್ಲ. ಅವನ ಐದನೇ ವಾಕ್ಯ ‘ಮೈನ್ಸ್ ವಿಲ್ ಓಪನ್’ ಎಂದಿತ್ತು. 2013ರಲ್ಲಿ ಕೋರ್ಟು ಹಲವು ಗಣಿಗಳಿಗೆ ಮತ್ತೆ ಅನುಮತಿ ಕೊಟ್ಟಿತು. ಅಷ್ಟರಲ್ಲಿ ಅವನು ಊರು ಬಿಟ್ಟಿದ್ದ.

ಈಗ ನಾನು ಹೇಳಲು ಹಿಂಜರಿಯುತ್ತಿದ್ದ ಸಂಗತಿಗೆ ಬರುತ್ತೇನೆ.

ಕಂಪ್ಲಿಯಿಂದ ಬರುತ್ತಿದ್ದ ಒಬ್ಬ ಹುಡುಗಿ, ಎರಡನೇ ಪಿ.ಯು.ಸಿ. ಅಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ. ನಾನು ಆ ದಿನ ಮೂರನೇ ಬಗೆಯ ಭವಿಷ್ಯ ಕಲಿಸಿದ್ದೆ. ದಿನ ಗೊತ್ತಾಗಿ, ಬೇರೆಯವರ ಜೊತೆ ಮಾತು ಮುಗಿದಿರುವ ಕೆಲಸವನ್ನು ಇಂಗ್ಲಿಷಿನವರು ವರ್ತಮಾನದಲ್ಲೇ ಹೇಳುತ್ತಾರೆ. ಟಿಕೆಟ್ ತೆಗೆಸಿದ್ದರೆ ‘ಐ ಆಮ್ ಗೋಯಿಂಗ್ ಟುಮಾರೋ’. ಅವಳು ನೋಟುಬುಕ್ಕಿನಲ್ಲಿ ‘ದೆ ವಿಲ್ ಮ್ಯಾರಿ ಮಿ ಇನ್ ಫೆಬ್ರವರಿ’ ಎಂದು ಬರೆದಿದ್ದಳು. ನಾನು ಕೆಂಪು ಪೆನ್ನಿನಿಂದ ಹೊಡೆದು ‘ಐ ಆಮ್ ಗೆಟಿಂಗ್ ಮ್ಯಾರೀಡ್ ಇನ್ ಫೆಬ್ರವರಿ’ ಎಂದು ಬರೆದು, ದಿನ ನಿಗದಿಯಾಗಿದ್ದರೆ ಹೀಗೆ ಎಂದು ಪಕ್ಕದಲ್ಲಿ ಸೂಚಿಸಿ, ಸಹಿ ಹಾಕಿ ಕೊಟ್ಟೆ. ಮುಂದಿನ ಪುಸ್ತಕಕ್ಕೆ ಕೈ ಹಾಕಿದೆ.

ರಾತ್ರಿ ರೊಟ್ಟಿ ತಟ್ಟುವಾಗ ಆ ವಾಕ್ಯ ಮತ್ತೆ ಎದುರು ಬಂತು. ಫೆಬ್ರವರಿ ಎಂದರೆ ಪರೀಕ್ಷೆಗೆ ಮುಂಚೆ. ಅವಳ ವಾಕ್ಯದಲ್ಲಿ ಮಾಡುವವರು ‘ಅವರು’ ಆಗಿದ್ದರು. ವ್ಯಾಕರಣ ತಪ್ಪಿದ್ದರೂ ಸಂಗತಿ ಸರಿಯಿತ್ತು. ನಾನು ‘ಅವರ’ನ್ನು ಅಳಿಸಿ ‘ನಾನು’ ಎಂದು ತಿದ್ದಿ ಎಲ್ಲವನ್ನೂ ಅವಳ ತಲೆಗೆ ಕಟ್ಟಿದ್ದೆ. ನನ್ನ ನಿಕಾಹ್ ಕೂಡ ಹೀಗೆಯೇ ನಿಗದಿಯಾದದ್ದು, ಹದಿನೆಂಟನೇ ವಯಸ್ಸಿಗೆ. ಬಿ.ಎ. ಮುಗಿಸಿದ್ದು ಇಬ್ಬರು ಮಕ್ಕಳಾದ ಮೇಲೆ. ಅದು ಗೊತ್ತಿದ್ದೂ ಕೇಳದೆ ಪುಸ್ತಕ ಮುಚ್ಚಿದ್ದೆ.

ಮರುವಾರ ಅವಳು ಬರಲಿಲ್ಲ. ನಾನು ಬಸ್ಸು ಹತ್ತಿ ಕಂಪ್ಲಿಗೆ ಹೋದೆ. ತವರೂರಾದ್ದರಿಂದ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವಳ ಅಪ್ಪ ಕುರ್ಚಿ ಹಾಕಿಸಿ, ಚಹಾ ತರಿಸಿ, ತಾನು ಹೊಸ್ತಿಲ ಬಳಿ ನಿಂತೇ ಮಾತಾಡಿದರು. "ಜಬಾನ್ ದೇಕೋ ಹೋಗಯಾ ಆಪಾ" ಎಂದರು. ಮಾತು ಕೊಟ್ಟಾಗಿದೆ. ಒಳ್ಳೆಯ ಮನೆ, ವರದಕ್ಷಿಣೆ ಕೇಳಿಲ್ಲ, ಇನ್ನೆರಡು ಹೆಣ್ಣುಮಕ್ಕಳಿದ್ದಾರೆ. ನಾನು ಏನು ಹೇಳಲಿ? ಮದುವೆ ಬೇಡ ಎನ್ನುವ ಅಧಿಕಾರ ನನಗಿರಲಿಲ್ಲ, ಧೈರ್ಯವೂ ಇರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಇಟ್ಟುಕೊಳ್ಳಿ ಭಾಯಿ, ಮಾತು ಮುರಿಯುವುದು ಬೇಡ, ದಿನ ಮಾತ್ರ ಮುಂದೆ ಹಾಕಿ ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. "ದೇಖ್ತೌಂ" ಎಂದರು. ನೋಡ್ತೀನಿ. ಆ ಮಾತಿಗೆ ಯಾವ ಕಾಲ ಹಾಕಬೇಕೆಂದು ಬಸ್ಸಿನಲ್ಲಿ ಹೊಸಪೇಟೆಯವರೆಗೂ ಯೋಚಿಸಿದೆ. ಒಳಗಿನ ಪರದೆಯ ಹಿಂದೆ ಅವಳ ಕಾಲು ಕಂಡಿತ್ತು, ಮುಖ ಕಾಣಲಿಲ್ಲ.

ಮದುವೆ ಏಪ್ರಿಲಿಗೆ ಹೋಯಿತು. ಪರೀಕ್ಷೆ ಬರೆದು ಪಾಸಾದಳು. ಕೊಟ್ಟದ್ದು ಹೊಳೆಯಾಚೆ ಗಂಗಾವತಿಗೆ. ಇಷ್ಟೇ ನನ್ನಿಂದ ಆದದ್ದು, ಎರಡು ತಿಂಗಳು.

ಆ ನೋಟುಬುಕ್ ಅವಳ ಬಳಿ ಇದೆಯೋ ಇಲ್ಲವೋ ನಾನು ಕೇಳಿಲ್ಲ. ಮಳೆಗಾಲದಲ್ಲಿ ಮಾತ್ರ ಅವಳ ಫೋನು ಬರುತ್ತದೆ. ಮಗಳನ್ನು ಕರೆದುಕೊಂಡು ತವರಿಗೆ ಹೊರಟಿರುತ್ತಾಳೆ, ಸೇತುವೆಯ ಈ ತುದಿಗೆ ಪೊಲೀಸರು ಅಡ್ಡ ಹಗ್ಗ ಕಟ್ಟಿರುತ್ತಾರೆ. "ಆಪಾ, ಬ್ರಿಡ್ಜ್ ಈಸ್ ಗೋಯಿಂಗ್ ಟು ಗೋ ಅಂಡರ್" ಎನ್ನುತ್ತಾಳೆ, ಒಂದಕ್ಷರ ತಪ್ಪಿಲ್ಲದೆ. ಬುಕ್ಕಸಾಗರ–ಕಡೆಬಾಗಿಲು ಸೇತುವೆಯ ಕಡೆಯಿಂದ ಸುತ್ತಿ ಬಾ ಎನ್ನುತ್ತೇನೆ. ಹೋದ ಸಲ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ.ಗೆ ಕಟ್ಟುವ ವಿಷಯ ಎತ್ತಿದಳು. ಫೀಸು ಕಟ್ಟಿದೆಯಾ ಎಂದೆ.

"ಇನ್ನೂ ಇಲ್ಲ ಆಪಾ. ಐ ವಿಲ್. ಇನ್ಷಾ ಅಲ್ಲಾಹ್."

ಕೊನೆಯ ದಿನ ಯಾವುದು ಎಂದು ಕೇಳಿ, ಬರೆದುಕೊಂಡೆ.