ತಾಜ್‌ಮಹಲಿಗಿಂತ ಮೊದಲಿನ ಗುಮ್ಮಟ

ದೆಹಲಿಗೆ ಬಂದ ನೆಂಟರಿಷ್ಟರನ್ನು ನಾವೆಲ್ಲ ಹುಮಾಯೂನನ ಗೋರಿಗೆ ಕರೆದುಕೊಂಡು ಹೋಗುತ್ತೇವೆ, ಮರುದಿನ ಆಗ್ರಾಕ್ಕೆ ಟ್ಯಾಕ್ಸಿ ಮಾಡಿಸುತ್ತೇವೆ. ಅದೇ ನಿಜಾಮುದ್ದೀನಿನಲ್ಲಿ, ಮಥುರಾ ರಸ್ತೆಯ ಪಕ್ಕದಲ್ಲೇ ಇರುವ ರಹೀಮನ ಗೋರಿಯನ್ನು ಮಾತ್ರ ಕಾರಿನ ಕಿಟಕಿಯಿಂದ ನೋಡಿ ಮುಂದಕ್ಕೆ ಹೋಗುತ್ತೇವೆ.

ರಹೀಮ ಅಂದರೆ ಅಬ್ದುರ್ ರಹೀಮ್ ಖಾನ್-ಎ-ಖಾನಾನ್. ಅಕ್ಬರನ ಸೇನಾಪತಿ, ಬಾಬರ್‌ನಾಮಾವನ್ನು ಪರ್ಷಿಯನ್ ಭಾಷೆಗೆ ತಂದವನು. ಇಲ್ಲಿ ಹಿಂದಿ ಓದುವ ನಮ್ಮ ಮಕ್ಕಳಿಗಂತೂ ಪರೀಕ್ಷೆಗೆ ಬರುವ ದೋಹೆಗಳ ರಹೀಮ, ಅಷ್ಟೇ! ಹೆಂಡತಿ ಮಾಹ್ ಬಾನುಗಾಗಿ 1598ರಲ್ಲಿ ಇದನ್ನು ಕಟ್ಟಿಸಿದ. ಆಗಿನ್ನೂ ತಾಜ್‌ಮಹಲಿನ ಸುಳಿವೇ ಇಲ್ಲ. ಮುಂದೆ 18ನೇ ಶತಮಾನದಲ್ಲಿ ಇದರ ಅಮೃತಶಿಲೆ, ಕೆಂಪುಕಲ್ಲುಗಳನ್ನು ಕಿತ್ತು ಸಫ್ದರ್‌ಜಂಗನ ಗೋರಿಗೆ ಸಾಗಿಸಿದರು. ವರ್ಷಗಟ್ಟಲೆ ದುರಸ್ತಿ ನಡೆದು 2020ರಲ್ಲಿ ಮತ್ತೆ ತೆರೆಯಿತು. ಗುಮ್ಮಟದ ಬಹುಭಾಗ ಈಗಲೂ ಬೋಳೇ. ನನಗೆ ತಾಜ್‌ಗಿಂತ ಇದೇ ಇಷ್ಟ. ಇಲ್ಲಿ ಯಾರೂ ಫೋಟೋಗೆ ಸಾಲು ನಿಲ್ಲುವುದಿಲ್ಲ.

ಕಳೆದ ಚಳಿಗಾಲದಲ್ಲಿ ಅಪ್ಪ ಬಂದಿದ್ದಾಗ ಅಲ್ಲಿಗೆ ಹೋದೆವು. ಅಮ್ಮ ಹೋಗಿ ಆಗ ಎರಡು ವರ್ಷ. ಅಪ್ಪ ಶಿವಮೊಗ್ಗದ ಮನೆಯಲ್ಲಿ ಒಬ್ಬರೇ. ಆರು ತಿಂಗಳು ಪುಣೆಯಲ್ಲಿ ಅಣ್ಣನ ಮನೆ, ಆರು ತಿಂಗಳು ಗುರುಗ್ರಾಮದಲ್ಲಿ ನಮ್ಮ ಮನೆ ಎಂದು ನಾವಿಬ್ಬರೂ ಫೋನಿನಲ್ಲೇ ಲೆಕ್ಕ ಹಾಕಿಟ್ಟಿದ್ದೆವು. ಅವರಿಗೆ ಹೇಳುವುದೊಂದು ಬಾಕಿ ಇತ್ತು.

ಅಪ್ಪ ಗಣಿತದ ಮೇಷ್ಟ್ರಾಗಿದ್ದವರು. ಫಲಕದ ಇಸವಿಗಳನ್ನು ಮನಸ್ಸಿನಲ್ಲೇ ಕಳೆದು, "ಹೆಂಡ್ತಿ ಹೋಗಿದ್ದು 1598, ಇವನು ಹೋಗಿದ್ದು 1627. ಇಪ್ಪತ್ತೊಂಬತ್ತು ವರ್ಷ ಏನು ಮಾಡಿದ್ನಂತೆ ಕಣೇ?" ಅಂದರು.

ದಖ್ಖನಿನಲ್ಲಿ ಯುದ್ಧ ಮಾಡಿದ, ಮಕ್ಕಳ ಸಾವು ನೋಡಿದ, ಜಹಾಂಗೀರನ ಕೃಪೆ ಕಳೆದುಕೊಂಡು ಮತ್ತೆ ಪಡೆದ, ಕೊನೆಗೆ ಇಲ್ಲೇ ಅವಳ ಗೋರಿಯಲ್ಲೇ ಮಣ್ಣಾದ ಎಂದು ಓದಿದ್ದನ್ನೆಲ್ಲ ಹೇಳಿದೆ.

"ಅಲ್ವೇ, ಅದು ಕೆಲಸ ಆಯ್ತು. ಸಂಜೆ ಹೊತ್ತು ಏನ್ಮಾಡ್ತಿದ್ದ?"

ಅದನ್ನು ಯಾವ ಫಲಕದಲ್ಲೂ ಬರೆದಿರುವುದಿಲ್ಲ. ಪ್ರೀತಿಯ ಬಗ್ಗೆ ಮಾತಾಡುವಾಗ ನಾವು ಸೇರಿದ್ದು ಹೇಳುತ್ತೇವೆ, ಅಗಲಿದ್ದು ಹೇಳುತ್ತೇವೆ. ಉಳಿದವರ ಸಂಜೆ ಏಳು ಗಂಟೆಯನ್ನು ಯಾರೂ ಕೇಳುವುದಿಲ್ಲ. ನಾನೂ ಅಪ್ಪನನ್ನು ದಿನಾ ಕೇಳುತ್ತಿದ್ದುದು ಬಿಪಿ ಮಾತ್ರೆಯ ಬಗ್ಗೆ. ಅವತ್ತು ಹುಲ್ಲಿನ ಮೇಲೆ ಕೂತು, "ನೀವೇನು ಮಾಡ್ತೀರಿ?" ಅಂದೆ. ದೀಪ ಹಚ್ಚಿ, ರೇಡಿಯೋ ಹಾಕಿ, ಎರಡು ಲೋಟ ತೆಗೆದು, ಒಂದನ್ನು ವಾಪಸ್ ಇಡುತ್ತಾರಂತೆ. "ನಿಮ್ಮ ಮನೇಲಿ ಯಾವ ಲೋಟ ಎಲ್ಲಿದೆ ಅಂತಾನೇ ಗೊತ್ತಿಲ್ವಲ್ಲೇ," ಎಂದು ನಕ್ಕರು.

ಆರಾರು ತಿಂಗಳ ಲೆಕ್ಕವನ್ನು ನಾನು ಎತ್ತಲಿಲ್ಲ. ಅಣ್ಣನಿಗೆ ಇನ್ನೂ ಸಿಟ್ಟಿದೆ.

ಊರಿಗೆ ಹೊರಡುವ ಹಿಂದಿನ ದಿನ ಅಮ್ಮನ ನಂಬರಿಗೆ ರೀಚಾರ್ಜ್ ಮಾಡಿಸಲು ಹೇಳಿದರು. ಆ ಫೋನಿಗೆ ಕರೆ ಬರುವುದು ನಿಂತು ಎಷ್ಟೋ ದಿನವಾಗಿದೆ. ಮೂರು ತಿಂಗಳದ್ದಾ, ವರ್ಷದ್ದಾ ಎಂದು ಕೇಳಿದೆ.

"ವರ್ಷದ್ದೇ ಮಾಡು," ಅಂದರು.