ನಿಲ್ಲಿಸುವ ವಿದ್ಯೆ

ನಮ್ಮ ಮನೆಯ ಓಮ್ನಿ ವ್ಯಾನಿಗೆ ಮೂತಿ ಇಲ್ಲ. ಕಾರುಗಳಲ್ಲಾದರೆ ಮುಂದೆ ಎಂಜಿನ್ನಾದರೂ ಅಡ್ಡವಿರುತ್ತದೆ. ಇದರ ಎಂಜಿನ್ನು ಸೀಟಿನ ಕೆಳಗೆ. ಮುಂದೆ ಕೂತವರ ಮೊಣಕಾಲಿಗೂ ಎದುರಿನ ಎಮ್ಮೆಗೂ ನಡುವೆ ಒಂದು ತಗಡು, ಅಷ್ಟೆ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಿಂದ ಬಂದ ಈ ಗಾಡಿ, ಆಮೇಲೆ ಓಮ್ನಿಯಾಗಿ, 2019ರಲ್ಲಿ ತಯಾರಿಕೆ ನಿಲ್ಲುವವರೆಗೂ ನಮ್ಮಂಥ ಊರುಗಳಲ್ಲಿ ಹೊರದ ಹೊರೆಯಿಲ್ಲ. ಶಾಲೆಯ ಮಕ್ಕಳು, ಮದುವೆ ಮನೆಯ ಪಾತ್ರೆ, ತರಕಾರಿ ಮೂಟೆ, ಬಾಣಂತಿ ಎಲ್ಲರೂ ಅದೇ ಜಾರುಬಾಗಿಲಿನೊಳಗೆ.

ನಮ್ಮದನ್ನು ಯಜಮಾನರು 2008ರಲ್ಲಿ ಕೊಂಡರು. ಅವರು ಹೋದ ಮೇಲೆ, ಮಾರಿಬಿಡಿ ಎಂದವರೇ ಹೆಚ್ಚು. ಆದರೆ ನಾವಿರುವುದು ಹುಣಸೂರಿನಲ್ಲಿ. ನನ್ನ ತವರು ಕೆ.ಆರ್. ನಗರ, ಮೈದುನನ ಮನೆ ಪಿರಿಯಾಪಟ್ಟಣ, ಮನೆದೇವರು ಎಚ್.ಡಿ. ಕೋಟೆಯಾಚೆ ಸರಗೂರಿನ ಬಳಿಯ ಬೆಟ್ಟದ ಚಿಕ್ಕದೇವಮ್ಮ. ಎಂಬತ್ತೆರಡು ವರ್ಷದ ಅತ್ತೆಯನ್ನು ಬಸ್ಸಿನ ಮೆಟ್ಟಿಲು ಹತ್ತಿಸುವುದು ಎಂಥ ಕೆಲಸವೆಂದು ಹತ್ತಿಸಿದವರಿಗೇ ಗೊತ್ತು. ವ್ಯಾನು ಉಳಿಯಿತು. ಸ್ಟಿಯರಿಂಗು ಮಗಳ ಕೈಗೆ ಬಂತು.

ಹೋದ ವರ್ಷ ಬ್ರೇಕು ಒತ್ತಿದಾಗಲೆಲ್ಲ ಮುಂದಿನ ಚಕ್ರದಿಂದ ಕಿರ್ರೆಂದು ಸದ್ದು ಬರತೊಡಗಿತು. ಹೊಗೆಸೊಪ್ಪಿನ ಹರಾಜಿನ ಕಾಲ. ಗ್ಯಾರೇಜಿನ ಮುಂದೆ ಟೆಂಪೋ, ಟ್ರ್ಯಾಕ್ಟರುಗಳ ಸಾಲು. ವಾರ ಬಿಟ್ಟು ಬನ್ನಿ ಎಂದರು. ನಮಗೋ ಬುಧವಾರ ಪಿರಿಯಾಪಟ್ಟಣದಲ್ಲಿ ಮೈದುನನ ಮೊಮ್ಮಗುವಿನ ನಾಮಕರಣ. ಅತ್ತೆ ತೊಟ್ಟಿಲು ತೂಗಲೇಬೇಕು.

"ಅಮ್ಮ, ಪ್ಯಾಡ್ ತಂದರೆ ನಾನೇ ಹಾಕ್ತೀನಿ" ಎಂದಳು ಮಗಳು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಮೈಸೂರಿನ ಸರ್ವೀಸ್ ಸ್ಟೇಷನ್ನೊಂದರಲ್ಲಿ ಎರಡು ವರ್ಷ ಕೈ ಕರಿ ಮಾಡಿಕೊಂಡವಳು. ಅಷ್ಟು ಗೊತ್ತಿದ್ದೂ ನನ್ನೆದೆ ಧಸಕ್ಕೆಂದಿತು. ಮೈದುನ ಫೋನಿನಲ್ಲೇ ಗದರಿದರು: "ಅತ್ತಿಗೆ, ಪಂಚರ್ ಚಕ್ರ ಬದಲಾಯಿಸೋದು ಬೇರೆ, ಬ್ರೇಕ್ ಬೇರೆ. ಅಮ್ಮ ಅದರಲ್ಲಿ ಕೂರ್ತಾರೆ." ಮಾತಿನಲ್ಲಿ ತಪ್ಪೇನಿಲ್ಲ. ಎಂಜಿನ್ನು ಕೆಟ್ಟರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ; ಬ್ರೇಕು ಕೆಟ್ಟರೆ ನಿಲ್ಲುವುದಿಲ್ಲ. ಆದರೆ ಇದೇ ಕೆಲಸವನ್ನು ಅವಳ ತಮ್ಮ ಮಾಡುತ್ತೇನೆಂದಿದ್ದರೆ ಇಷ್ಟು ಗದರುತ್ತಿದ್ದರೋ ಇಲ್ಲವೋ, ನೀವೇ ಹೇಳಿ.

ಭಾನುವಾರ ಬೆಳಗ್ಗೆ ಅಂಗಳದ ಸಮತಟ್ಟು ಕಲ್ಲುಹಾಸಿನ ಮೇಲೆ ಕೆಲಸ ಶುರುವಾಯಿತು. ಹ್ಯಾಂಡ್‌ಬ್ರೇಕು ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಅದನ್ನು ಎಳೆದು, ಗೇರು ಹಾಕಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟಳು. ಚಕ್ರ ನೆಲದ ಮೇಲಿರುವಾಗಲೇ ನಟ್ಟು ಸಡಿಲಿಸಿ, ಆಮೇಲೆ ಜ್ಯಾಕು ಎತ್ತಿದಳು. ಜ್ಯಾಕನ್ನು ಮಾತ್ರ ನಂಬಬಾರದಂತೆ. ಕೇಳಿ ತಂದಿದ್ದ ಕಬ್ಬಿಣದ ಸ್ಟ್ಯಾಂಡು ಕೊಟ್ಟು, ಬಿಚ್ಚಿದ ಚಕ್ರವನ್ನೂ ವ್ಯಾನಿನ ಹೊಟ್ಟೆಯಡಿಗೆ ಮಲಗಿಸಿದಳು. ಅತ್ತೆ ಜಗಲಿಯಿಂದ, "ಏನೇ ಅದು, ಗಾಡಿ ಕಾಲನ್ನೇ ಬಿಚ್ಚಿಬಿಟ್ಯಲ್ಲೇ!" ಎಂದರು.

ಚಕ್ರದ ಹಿಂದೆ ಹೊಳೆಯುವ ಉಕ್ಕಿನ ತಟ್ಟೆ. ಅದನ್ನು ಕಚ್ಚಿಕೊಂಡಿರುವ ದವಡೆಯಂಥದ್ದು ಕ್ಯಾಲಿಪರ್. ಕಾಲು ಒತ್ತಿದರೆ ಆ ಒತ್ತಡ ಕೊಳವೆಯ ಎಣ್ಣೆಯ ಮೂಲಕ ಇಲ್ಲಿಗೆ ಬಂದು, ಎರಡು ಪ್ಯಾಡುಗಳು ತಟ್ಟೆಯನ್ನು ಹಿಚುಕುತ್ತವೆ. ಬಿ.ಎ. ಓದಿದ ನನಗೂ ಪ್ಯಾಸ್ಕಲ್ಲನ ನಿಯಮ ನೆನಪಾಯಿತು. ಕ್ಯಾಲಿಪರನ್ನು ಬಿಚ್ಚಿದ ಮೇಲೆ ರಬ್ಬರು ಕೊಳವೆಯಲ್ಲಿ ಜೋತಾಡಲು ಬಿಡಬಾರದು, ಕೊಳವೆ ಕಿತ್ತೀತು. "ಕಟ್ಟೋಕೆ ಏನಾದ್ರೂ ಕೊಡಮ್ಮ" ಎಂದಳು. ಹಳೆಯ ಸೀರೆಯ ಅಂಚು ಹರಿದುಕೊಟ್ಟೆ. ಅತ್ತೆಯದೇ ಸೀರೆ, ಅವರಿಗೆ ಗೊತ್ತಾಗಲಿಲ್ಲ.

ಹಳೆಯ ಪ್ಯಾಡನ್ನು ನನ್ನ ಅಂಗೈಗಿಟ್ಟಳು. ಹೊಸದರ ಪದರ ಬೆರಳಗಲ ದಪ್ಪ. ಇದರದ್ದು ರೊಟ್ಟಿಯಂತೆ ಸವೆದಿತ್ತು. ಮೂರು ಮಿಲಿಮೀಟರಿಗಿಂತ ಕಡಿಮೆಯಾದರೆ ಬದಲಾಯಿಸಬೇಕಂತೆ. ಒಂದು ಚಕ್ರದ್ದು ಸವೆದರೂ ಎರಡೂ ಚಕ್ರಕ್ಕೆ ಹೊಸದೇ ಹಾಕಬೇಕು, ಇಲ್ಲದಿದ್ದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಕರಿಯ ಧೂಳನ್ನು ಊದಲು ಹೋದ ನನ್ನನ್ನು ತಡೆದು ಒದ್ದೆ ಬಟ್ಟೆ ಕೊಟ್ಟಳು. ಹಿಂದೆ ಇಂಥ ಪ್ಯಾಡುಗಳಲ್ಲಿ ಕಲ್ನಾರು ಹಾಕುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಗ್ಯಾರೇಜುಗಳಲ್ಲಿ ಗಾಳಿ ಹೊಡೆದು ಧೂಳು ಹಾರಿಸುವ ಹುಡುಗರ ನೆನಪಾಗಿ ಸಂಕಟವಾಯಿತು.

ಹೊಸ ಪ್ಯಾಡು ದಪ್ಪವಲ್ಲವೇ, ಅದಕ್ಕೆ ಜಾಗ ಬೇಕು. ಒಳಗಿನ ಪಿಸ್ಟನ್ನನ್ನು ಹಿಂದಕ್ಕೆ ಒತ್ತಬೇಕು. ನಮ್ಮ ಹುಣಸೂರಿನಲ್ಲಿ ಮರಗೆಲಸದವರಿಗೇನು ಬರ? ಪಕ್ಕದ ಬೀದಿಯವರ ಕ್ಲಾಂಪು ಬಂತು. ಮೆಲ್ಲಗೆ ತಿರುಪಿದಂತೆ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಎಣ್ಣೆ ಏರಿತು. ಅದು ಉಕ್ಕದಂತೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ, ಹಾಲು ಕಾಯಿಸಿದ ಅನುಭವ ಸಾಕಾಯಿತು. ಚೆಲ್ಲಿದರೆ ಬಣ್ಣವನ್ನೇ ತಿನ್ನುತ್ತದಂತೆ. ಎಣ್ಣೆ ಸೋರಿದ ಗುರುತು ಕಂಡಿದ್ದರೆ ಮಾತ್ರ ತಾನು ಮುಟ್ಟುತ್ತಿರಲಿಲ್ಲ, ಗ್ಯಾರೇಜಿಗೇ ಹೋಗುತ್ತಿದ್ದೆ ಎಂದಳು. ಆ ಮಾತು ಕೇಳಿದ ಮೇಲೆ ನನ್ನ ಹೆದರಿಕೆ ಅರ್ಧ ಇಳಿಯಿತು. ತನಗೆ ಎಲ್ಲ ಬರುತ್ತದೆ ಎನ್ನುವವರ ಹತ್ತಿರ ನಾನು ಚಕ್ಕುಲಿ ಹಿಟ್ಟನ್ನೂ ಕಲಸಲು ಕೊಡುವುದಿಲ್ಲ.

ಎರಡೂ ಕಡೆ ಮುಗಿದಾಗ ಹನ್ನೆರಡಾಗಿತ್ತು. ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, "ಬ್ರೇಕ್ ಒತ್ತು" ಎಂದಳು. ಪೆಡಲು ನೆಲದವರೆಗೂ ಇಳಿದುಹೋಯಿತು! ಬೆವೆತುಬಿಟ್ಟೆ. "ಒತ್ತುತ್ತಾ ಇರು." ಎರಡು, ಮೂರು, ನಾಲ್ಕು. ಆಮೇಲೆ ಕಾಲ ಕೆಳಗೆ ಅದು ಕಲ್ಲಿನಂತೆ ಗಟ್ಟಿಯಾಯಿತು. ಪಿಸ್ಟನ್ನು ಮತ್ತೆ ಮುಂದೆ ಬಂದು ಪ್ಯಾಡನ್ನು ತಾಗುವವರೆಗೆ ಹೀಗಂತೆ. ಇದನ್ನು ಮರೆತು ಗಾಡಿ ಬೀದಿಗಿಳಿಸಿದವರಿಗೆ ಮೊದಲ ತಿರುವಿನಲ್ಲಿ ಬ್ರೇಕೇ ಇರುವುದಿಲ್ಲ. ಚಕ್ರದ ನಟ್ಟುಗಳನ್ನು ನೆಲಕ್ಕಿಳಿಸಿದ ಮೇಲೆ ಇನ್ನೊಮ್ಮೆ ಬಿಗಿದಳು.

ಖಾಲಿ ಬೀದಿಯಲ್ಲಿ ಮೆಲ್ಲಗೆ ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ ಪ್ಯಾಡು ಪಳಗಿಸಬೇಕಿತ್ತು. ಮೊದಲು ತಾನೊಬ್ಬಳೇ ಹೋಗುತ್ತೇನೆಂದಳು. ಎರಡು ಸುತ್ತು ಮುಗಿಸಿ ಬಂದಾಗ ಅತ್ತೆ ಕೋಲೂರಿಕೊಂಡು ಗೇಟಿನ ಬಳಿ ನಿಂತಿದ್ದರು. "ನನ್ನನ್ನ ಕೂರಿಸ್ಕೊಂಡು ಹೋಗು. ಫೋನ್ ಮಾಡಿದ್ನಲ್ಲ ನನ್ನ ಮಗ, ಅವನಿಗೆ ನಾನೇ ಹೇಳ್ತೀನಿ."

ಮೂವರೂ ಹೊರಟೆವು. ಲಕ್ಷ್ಮಣತೀರ್ಥದ ಸೇತುವೆಯ ಕಡೆ ತಿರುಗುವಷ್ಟರಲ್ಲಿ ಎಲ್ಲಿಂದಲೋ ಒಂದು ಕರು ರಸ್ತೆಗೆ ನೆಗೆಯಿತು. ನಾನು ಮುಂದಿನ ಕಂಬಿ ಹಿಡಿದು ಕಣ್ಣು ಮುಚ್ಚಿದೆ. ತೆರೆದಾಗ ವ್ಯಾನು ನಿಂತಿತ್ತು, ಕರು ಬಾಲವೆತ್ತಿಕೊಂಡು ಆಚೆ ಹೋಗುತ್ತಿತ್ತು. ಹಿಂದೆ ಎಲೆಗೆ ಸುಣ್ಣ ಸವರುತ್ತಿದ್ದ ಅತ್ತೆ ತಲೆಯೆತ್ತಿ, "ಯಾಕೆ, ಬಂದೇಬಿಡ್ತಾ?" ಎಂದರು.